ಎಡಭುಜದ ಮೇಲಿನ ಒಲೆ

ಸಂಜೆ ಕತ್ತಲು ಕವಿಯುವ ಹೊತ್ತಿಗೆ ಪೆನಾಯಾ ದಡಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, ದಕ್ಷಿಣದ ಆಕಾಶ ನೋಡಿ ಒಂದೇ ಮಾತು ಹೇಳುತ್ತಿದ್ದ. "ಕೆಂಡ ಇದೆ" ಎಂದರೆ ದೋಣಿಗಳು ದೂರ ಹೋಗಬಹುದು. "ಬರೀ ಬೂದಿ" ಎಂದರೆ ಹೋಗಬಾರದು. ಅದಕ್ಕಿಂತ ಹೆಚ್ಚು ಮಾತು ಅವನ ಬಾಯಿಂದ ಹೊರಡಬೇಕಾದರೆ ಮತ್ತು ಬರಿಸುವ ಕಾವಾ ಬೇರಿನ ಪಾನ ಕುಡಿಸಬೇಕಿತ್ತು. ಕುಡಿಸಿದರೂ ಹೊರಡುತ್ತದೆಂಬ ಭರವಸೆ ಇರಲಿಲ್ಲ.

ಅವನು ನೋಡುತ್ತಿದ್ದದ್ದು ಒಲೆಯನ್ನು. ಆಕಾಶಗಂಗೆಯಿಂದ ಹರಿದುಬಿದ್ದ ಚೂರುಗಳ ಹಾಗೆ ನಮ್ಮ ದಕ್ಷಿಣದ ಆಕಾಶದಲ್ಲಿ ಎರಡು ಬಿಳಿ ಮಸುಕುಗಳಿವೆ. ನೋಡಲು ಮೋಡ, ಆದರೆ ಯಾವ ಗಾಳಿಗೂ ಚದುರುವುದಿಲ್ಲ. ಫಿಜಿಯ ಹಳಬರು ಅವನ್ನು ಸಮೃದ್ಧಿಯ ಒಲೆಗಳು ಎನ್ನುತ್ತಾರೆ. ದೊಡ್ಡ ಒಲೆಯೊಳಗೆ ಕೊಳ್ಳಿ ಅಡ್ಡಬಿದ್ದಂತೆ ಉದ್ದನೆಯ ಬೆಳಕು, ಅದೂ ಸರಿಯಾಗಿ ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದುಕೊಂಡಿದೆ. ಅದರ ತುದಿಯ ಹತ್ತಿರ ಒಂದು ಸಣ್ಣ ಚುಕ್ಕಿ. ಅದೇ ಕೆಂಡ. ಗಾಳಿಯಲ್ಲಿ ತೇವ ತುಂಬಿ ಬಿರುಗಾಳಿ ಹೊಂಚು ಹಾಕಿದ್ದರೆ ಕೆಂಡ ಮರೆಯಾಗಿ ಬೂದಿಯಷ್ಟೇ ಉಳಿಯುತ್ತದೆ. ಪೆನಾಯಾನ ಮನೆತನದ್ದು ಸಮುದ್ರದ ಕೆಲಸ. ಅವನ ಅಪ್ಪ, ಅಜ್ಜ ಎಲ್ಲರೂ ಈ ಗುರುತಿನ ಮೇಲೆಯೇ ದೋಣಿ ಬಿಟ್ಟವರು.

ನಾನು ಈ ದ್ವೀಪದ ನರ್ಸು. ಕಬ್ಬಿನ ಊರಿನ ಹುಡುಗಿ, ಒಂದು ವರ್ಷಕ್ಕೆಂದು ಬಂದವಳು ಇಲ್ಲೇ ಮುದುಕಿಯಾದೆ. ಇಲ್ಲಿ ನರ್ಸಿಗೆ ನಾಸಿ ಎನ್ನುತ್ತಾರೆ. ನನ್ನ ನಿಜವಾದ ಹೆಸರು ಅರ್ಧ ಊರಿಗೆ ಗೊತ್ತಿಲ್ಲ, ನಾನೂ ಹೇಳಲು ಹೋಗಿಲ್ಲ.

ಒಮ್ಮೆ ರೇಡಿಯೋದಲ್ಲಿ ಕೇಳಿದ್ದನ್ನು ಪೆನಾಯಾನಿಗೆ ಹೇಳಿದ್ದೆ. ಅದು ಮೋಡವೂ ಅಲ್ಲ, ಒಲೆಯೂ ಅಲ್ಲ, ನಮ್ಮ ಆಕಾಶಗಂಗೆಯ ಪಕ್ಕದಲ್ಲೇ ಇರುವ ಸಣ್ಣದೊಂದು ನಕ್ಷತ್ರಲೋಕ, ಒಳಗೆ ಕೋಟಿ ಕೋಟಿ ಸೂರ್ಯರು. ಶಂಖದ ಸುಳಿಯಂತೆ ಸುತ್ತಿಕೊಳ್ಳಬೇಕಾಗಿದ್ದದ್ದು ಸರಿಯಾಗಿ ಸುತ್ತಿಕೊಳ್ಳಲಿಲ್ಲ. ಒಂದೇ ತೋಳು ಮೂಡಿತು, ಅದೂ ಸೊಟ್ಟ. ಒಂದು ಕಡೆಯಿಂದ ನಮ್ಮ ಆಕಾಶಗಂಗೆ ಜಗ್ಗುತ್ತದೆ, ಇನ್ನೊಂದು ಕಡೆಯಿಂದ ಚಿಕ್ಕ ಒಲೆ. ನೀನು ಕೆಂಡ ಅನ್ನುವುದು ಹೊಸ ನಕ್ಷತ್ರಗಳು ಹುಟ್ಟುವ ಜಾಗ. ಇಷ್ಟನ್ನೂ ಅವನು ಬಲೆ ಹೆಣೆಯುತ್ತಲೇ ಕೇಳಿದ.

"ನೆರೆಮನೆ ಒಲೆ ಅನ್ನು."

"ಹೂಂ, ಹಾಗೇ ಅಂದ್ಕೋ."

"ಅಲ್ಲೂ ಆ ಕಡೆಯಿಂದ ಒಬ್ರು ಈ ಕಡೆಯಿಂದ ಒಬ್ರು ಜಗ್ಗೋರೇ. ಪಾಪ," ಎಂದು ಮತ್ತೆ ಬಲೆಗೆ ಬಗ್ಗಿದ.

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದವಳು ಒಬ್ಬಳೇ ತಂಗಿ, ಕೆಲೇರಾ. ಆ ತಂಗಿಯ ಜೊತೆ ಅವನು ಮಾತಾಡುತ್ತಿರಲಿಲ್ಲ. ಜಗಳ ಏನೂ ಅಲ್ಲ. ಈ ದ್ವೀಪದಲ್ಲಿ ಅಣ್ಣತಂಗಿ ಸ್ವಲ್ಪ ದೊಡ್ಡವರಾದ ಮೇಲೆ ಮಾತಾಡಬಾರದು, ಒಂದೇ ಚಾಪೆಯ ಮೇಲೆ ಕೂರಬಾರದು, ಹೆಸರು ಹಿಡಿದು ಕರೆಯಬಾರದು. ಅದು ನಿಷೇಧ, ಆದರೆ ಇಲ್ಲಿಯವರು ಅದನ್ನು ಮರ್ಯಾದೆ ಎನ್ನುತ್ತಾರೆ. ಬೇರೆ ಮನೆಗಳಲ್ಲಿ ಸ್ವಲ್ಪ ಸಡಿಲವಾಗಿತ್ತು. ಇವರ ಮನೆಯಲ್ಲಿ ಕಟ್ಟುನಿಟ್ಟು. ಪೆನಾಯಾ ತನ್ನ ಮೊದಲ ಪಾಲಿನ ಮೀನನ್ನು ಅವಳ ಹೊಸ್ತಿಲ ಮೇಲಿಟ್ಟು ಹೋಗುವನು. ಅವಳು ತೆಂಗಿನಹಾಲಿನಲ್ಲಿ ಬೇಯಿಸಿ, ಕೆಸುವಿನ ಗಡ್ಡೆಯ ಜೊತೆ ಮುಚ್ಚಿ ಕಳಿಸುವಳು. ಮಾತು ಬೇಕಾದಾಗ ನಡುವೆ ನಾನು. ಹೊರಗಿನವಳಾದ್ದರಿಂದ ನನಗೆ ಯಾವ ಕಟ್ಟೂ ಇಲ್ಲವಲ್ಲ.

"ನಾಸಿ, ಉಪ್ಪು ಜಾಸ್ತಿ ಆಗಿತ್ತು ಅಂತ ಅವಳಿಗೆ ಹೇಳು."

"ನಾಸಿ, ತಿಂದು ಖಾಲಿ ಮಾಡಿದ ಮೇಲೆ ಗೊತ್ತಾಯ್ತಾ ಅಂತ ಅವರಿಗೆ ಹೇಳಿ."

"ನಾನೇನು ನಿಮ್ಮಿಬ್ಬರ ಮನೆ ಟಪಾಲಿನವಳಾ?" ಎಂದು ಇಬ್ಬರಿಗೂ ಬೈಯುತ್ತಿದ್ದೆ. ಬೈದು ಹೋಗಿ ಹೇಳುತ್ತಿದ್ದೆ.

ಕೆಲೇರಾಳ ಗಂಡ ಸಮೀಸೋನಿಗೆ ಮಾತ್ರ ಇದರ ತದ್ವಿರುದ್ಧ. ಭಾವನನ್ನು ಎಷ್ಟು ಗೇಲಿ ಮಾಡಿದರೂ ನಡೆಯುತ್ತದೆ, ಮಾಡದಿದ್ದರೇ ತಪ್ಪು. ಸಮೀಸೋನಿ ಗೆಣಸು ಬೆಳೆಯುವ ಮನೆತನದವನು. ಆಕಾಶ ಅವನಿಗೆ ಮಳೆ ಬೀಳಿಸುವ ವಸ್ತು, ಅಷ್ಟೇ. 1986ರ ಕೊನೆಯಿಂದ ಪೆನಾಯಾ ದಿನಾ ಸಂಜೆ "ಬರೀ ಬೂದಿ, ಬರೀ ಬೂದಿ" ಎನ್ನತೊಡಗಿದಾಗ ಅವನಿಗೆ ಹಬ್ಬ.

"ಭಾವ, ನಿಮ್ಮ ಒಲೆಗೆ ಸೌದೆ ಕಳಿಸ್ಲಾ? ನಮ್ಮ ತೋಟದಲ್ಲಿ ಒಣಗಿದ್ದು ಬೇಕಾದಷ್ಟಿದೆ."

"ನಿನ್ನ ತಲೆ ಕಳ್ಸು. ಅದಕ್ಕಿಂತ ಒಣಗಿದ್ದು ಇಲ್ಲ."

ಎಲ್ಲರೂ ನಗುತ್ತಿದ್ದರು. ನನಗೆ ಯಾಕೋ ನಗು ಬರುತ್ತಿರಲಿಲ್ಲ. ಬೂದಿ ಎಂದ ಎಷ್ಟೋ ದಿನ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ನಿಂತಿರುತ್ತಿತ್ತು. ಅಪ್ಪನ ಹಾಗಲ್ಲ, ಇವನು ಹೆದರುಪುಕ್ಕಲ ಎಂದು ಊರಲ್ಲಿ ಪಿಸುಮಾತು ಶುರುವಾಗಿತ್ತು.

ಮುಂದಿನ ಫೆಬ್ರವರಿಯ ಕೊನೆಯಲ್ಲಿ ಕೆಲೇರಾಳಿಗೆ ರಕ್ತ ಹೋಯಿತು. ತುಂಬುಬಸುರಿ, ನೋವಿಲ್ಲ, ಏನಿಲ್ಲ, ಚಾಪೆ ಮಾತ್ರ ಒದ್ದೆ. ನೋಡಿದ ಕೂಡಲೇ ಅವಳನ್ನು ನನ್ನ ದವಾಖಾನೆಗೆ ಹೊತ್ತು ತರಿಸಿದೆ. ಮಾಸು ಮಗುವಿನ ದಾರಿಗೆ ಅಡ್ಡ ಕೂತಿರಬೇಕು. ಹಾಗಿದ್ದರೆ ಹೊಟ್ಟೆ ಕೊಯ್ದೇ ಮಗು ತೆಗೆಯಬೇಕು, ಇಲ್ಲದಿದ್ದರೆ ಇಬ್ಬರೂ ಉಳಿಯುವುದಿಲ್ಲ. ನನ್ನ ಬಳಿ ಇದ್ದದ್ದು ಒಂದು ಕತ್ತರಿ, ಒಂದಿಷ್ಟು ಹತ್ತಿ, ಹೆದರಿದ ಜೀವ. ರೇಡಿಯೋದಲ್ಲಿ ಆಸ್ಪತ್ರೆಗೆ ಕೂಗಿದೆ. ಅವರ ದೋಣಿ ಬೇರೆ ದ್ವೀಪಕ್ಕೆ ಹೋಗಿತ್ತು, ಬರುವುದು ನಾಳೆ ಮಧ್ಯಾಹ್ನ. ನೀವೇ ಕರೆತನ್ನಿ ಎಂದರು.

ಆಸ್ಪತ್ರೆ ಇದ್ದದ್ದು ಉತ್ತರದ ದೊಡ್ಡ ದ್ವೀಪದಲ್ಲಿ. ನಡುವೆ ಬಟಾಬಯಲು ಸಮುದ್ರ. ನಮ್ಮ ದ್ವೀಪವನ್ನು ಸುತ್ತಿದ ಹವಳದ ಬಂಡೆಸಾಲು ದಾಟಲು ಬೇಕಾದ ಉಬ್ಬರ ಆ ದಿನ ಸಂಜೆ, ಆಮೇಲೆ ಬೆಳಗಿನ ಜಾವ. ಕತ್ತಲಲ್ಲಿ ದಾಟಿಸುವ ವಿದ್ಯೆ ಬಲ್ಲವನು ಊರಿಗೆಲ್ಲ ಒಬ್ಬನೇ.

ದವಾಖಾನೆಯ ಹಿಂದೆಯೇ ದಡ. ಪೆನಾಯಾ ಆಗಲೇ ಬಂದು ನಿಂತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು.

"ದೋಣಿ ತೆಗಿ," ಎಂದೆ.

ಅವನು ದಕ್ಷಿಣಕ್ಕೆ ನೋಡಿದ. ಬಹಳ ಹೊತ್ತು ನೋಡಿದ. "ಬರೀ ಬೂದಿ."

ಆಕಾಶ ತೊಳೆದಿಟ್ಟ ಹಾಗಿತ್ತು. ಕನ್ನಡಕದವಳಾದ ನನಗೇ ಒಲೆ ನಿಚ್ಚಳವಾಗಿ ಕಾಣುತ್ತಿತ್ತು.

"ಕೆಂಡ ಎಷ್ಟಿದೆ ಪೆನಾಯಾ?"

"ಬೂದಿ ಅಂದ್ನಲ್ಲ."

"ಒಂದಲ್ಲ, ಎರಡಿದೆ. ಹಳೇ ಕೆಂಡದ ಪಕ್ಕದಲ್ಲೇ ಇನ್ನೊಂದು ಹೊಸದು. ಬಾವಿ ಹತ್ರ ಹೆಂಗಸರೆಲ್ಲ ಅದೇ ಮಾತು, ಯಾರೋ ಸೌದೆ ಹಾಕಿದಾರೆ ಅಂತ. ಒಲೆ ಕಾಯೋ ನಿನಗೆ ಅದು ಕಾಣ್ಲಿಲ್ವಾ?"

ನಾನು ಟಾರ್ಚನ್ನು ಅವನ ಮುಖಕ್ಕೆ ಹಿಡಿದೆ. ಎರಡು ಕಣ್ಣಿನ ಪಾಪೆಯಲ್ಲೂ ಹಾಲು ಕದಡಿದ ಹಾಗೆ ಪೊರೆ. ಇಷ್ಟು ತಿಂಗಳು ಅವನು ಓದುತ್ತಿದ್ದ ಬೂದಿ ಆಕಾಶದಲ್ಲಿ ಇರಲೇ ಇಲ್ಲ.

"ಯಾವಾಗಿಂದ?"

"ಹೋದ ವರ್ಷದಿಂದ."

"ಯಾಕೋ ಹೇಳ್ಲಿಲ್ಲ, ಮಾರಾಯ?"

"ಹೇಳಿದ್ರೆ ದೋಣಿ ಮುಟ್ಬೇಡ ಅಂತಿದ್ರಿ. ದೋಣಿ ಬಿಟ್ರೆ ನಾನು ಯಾರು?" ಅವನು ದೋಣಿಯ ಅಂಚು ತಡವಿದ. "ನಾಸಿ, ಇವತ್ತು ನಾನು ಹೋದ್ರೆ ಅವಳನ್ನ ನಾನೇ ಕೊಂದ ಹಾಗೆ."

"ಹೋಗ್ದೆ ಇದ್ರೆ ನಾನು ಕೊಂದ ಹಾಗೆ. ಏನ್ಮಾಡೋಣ ಹೇಳು."

ಒಳಗಿನಿಂದ ಕೆಲೇರಾ ನನ್ನನ್ನು ಕರೆದಳು. ಗೋಡೆ ಎಂದರೆ ಹೆಣೆದ ಬಿದಿರು, ಒಂದು ಮಾತೂ ಅವಳಿಗೆ ತಪ್ಪಿರಲಿಲ್ಲ.

"ನನ್ನ ತಲೆ ದೋಣಿ ಮುಂದಕ್ಕೆ ಇಟ್ಟು ಮಲಗಿಸಿ ನಾಸಿ. ಕಾಲು ಹಿಂದಕ್ಕೆ. ಉತ್ತರಕ್ಕೆ ಹೋಗುವಾಗ ಒಲೆ ಬೆನ್ನ ಹಿಂದೆ ಇರುತ್ತೆ, ನನ್ನ ಕಣ್ಣಿಗೆ ನೇರ. ನಾನು ನೋಡಿ ಹೇಳ್ತೀನಿ, ನೀವು ಅವರಿಗೆ ಹೇಳಿ."

"ನಿಂಗೆ ಇದೆಲ್ಲ ಯಾರು ಕಲ್ಸಿದ್ರು?"

"ಅಪ್ಪ ಅವರಿಗೆ ಹೇಳಿಕೊಡ್ತಿದ್ದಾಗ ನಾನು ಅಮ್ಮನ ಬೆನ್ನ ಹಿಂದೆ ಮಲಗಿರ್ತಿದ್ದೆ. ನಿದ್ದೆ ಬಂದಿದೆ ಅಂತ ಎಲ್ರೂ ಅಂದ್ಕೊಳ್ಳೋರು." ಅವಳ ತುಟಿ ಬಿಳುಚಿತ್ತು, ಆದರೂ ನಕ್ಕಳು. "ಹೊತ್ತು ಹೋದ ಹಾಗೆ ಒಲೆ ಪಶ್ಚಿಮಕ್ಕೆ ವಾಲುತ್ತೆ. ದೋಣಿ ಬಿಡೋನ ಎಡಗಿವಿವರೆಗೂ ವಾಲ್ಲಿ, ಎಡಭುಜ ದಾಟ್ಬಾರ್ದು. ಅಷ್ಟೇ ನಾಸಿ."

ಕಣ್ಣು ಕಾಣದವನ ದೋಣಿಗೆ ರಕ್ತ ಹೋಗುತ್ತಿರುವವಳನ್ನು ಹತ್ತಿಸಿದ ನರ್ಸು ಎಂದು ನಾಳೆ ಜನ ನನ್ನನ್ನು ಏನೆನ್ನಬಹುದು ಎಂದು ಯೋಚಿಸಿದೆ. ಆಮೇಲೆ ಅವಳ ಬಟ್ಟೆ ನೋಡಿದೆ. ಹತ್ತಿಸಿದೆ. ಸಮೀಸೋನಿಗೆ ಕಣ್ಣಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಅವನು ಹೆಂಡತಿಯನ್ನು ಎತ್ತಿಕೊಂಡು ಇಳಿದುಬಿಡುತ್ತಿದ್ದ. ಅವನು ಮುಂದುಗಡೆ ಟಾರ್ಚು ಹಿಡಿದು ಕೂತ. ಬಂಡೆ ಕಂಡರೆ ಕೂಗುವುದು, ನೀರು ಬಂದರೆ ಎತ್ತಿ ಚೆಲ್ಲುವುದು ಅವನ ಕೆಲಸ.

ಬಂಡೆಸಾಲಿನ ಬಾಯಿಯನ್ನು ಪೆನಾಯಾ ಅಭ್ಯಾಸದಿಂದಲೇ ದಾಟಿಸಿದ, ನೀರಿನ ಸದ್ದು ಕೇಳಿಕೊಂಡು. ಹೊರಗೆ ಬಂದ ಮೇಲೆ ಪೂರ್ತಿ ಕತ್ತಲು. ಅಮಾವಾಸ್ಯೆ ಹತ್ತಿರ. ನಾವು ತಂದ ಪೆಟ್ರೋಲು ಹೋಗಲು ಮಾತ್ರ ಸಾಕು; ದ್ವೀಪ ತಪ್ಪಿಸಿಕೊಂಡರೆ ಹುಡುಕಿಕೊಂಡು ಹಿಂದೆ ಬರಲು ಸಾಲದು.

ಕೇದಗೆ ಗರಿಯ ಚಾಪೆಯ ಮೇಲೆ ಕೆಲೇರಾ ಅಂಗಾತ ಮಲಗಿದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಒಂದು ಕೈ ಹೊಟ್ಟೆಯ ಮೇಲಿಟ್ಟಿದ್ದೆ. ಅವಳ ಕಾಲಿನಾಚೆ, ಮೋಟಾರಿನ ಹಿಡಿ ಹಿಡಿದು ಪೆನಾಯಾ. ಅವನ ಹಿಂದೆ ಮೇಲಕ್ಕೆ ಒಲೆ.

"ತಲೆ ಹಿಂದೇನೇ ಇದೆ ಅನ್ನಿ," ಎಂದಳು ಕೆಲೇರಾ.

"ತಲೆ ಹಿಂದೇನೇ ಇದೆಯಂತೆ," ಎಂದೆ ನಾನು.

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಅವಳು, "ಎಡಗಿವಿಗೆ ಬಂತು. ಇಷ್ಟು ಬೇಗ ಬರ್ಬಾರ್ದು. ಕೊಂಚ ಬಲಕ್ಕೆ." ನಾನು ಅದನ್ನೂ ಹೇಳಿದೆ. ದೋಣಿ ಬಲಕ್ಕೆ ತಿರುಗಿತು. ಹೀಗೇ ಬಹಳ ದೂರ ಬಂದೆವು. ಎರಡು ಹೊಸ್ತಿಲುಗಳ ನಡುವೆ ಓಡಾಡಿದ ನನ್ನ ಅಷ್ಟು ವರ್ಷಗಳ ಕೆಲಸ ಆ ದೋಣಿಯೊಳಗೂ ಮುಗಿದಿರಲಿಲ್ಲ.

ಸಮೀಸೋನಿ ಮುಂದಿನಿಂದ ಕೂಗಿದ, "ಭಾವ, ಯಾಕೆ ಹಾವಿನ ಹಾಗೆ ಹೋಗ್ತಿದೀರಿ? ಕಾವಾ ಕುಡಿದ್ರಾ?"

"ನೀರು ಚೆಲ್ಲೋ ನೀನು," ಎಂದೆ ನಾನೇ, ಸಿಡುಕಿ.

ಆಮೇಲೆ ಗಾಳಿ ತಿರುಗಿತು. ಅಷ್ಟು ಹೊತ್ತು ಬಲಗೆನ್ನೆಗೆ ಬಡಿಯುತ್ತಿದ್ದದ್ದು ಮುಂದಿನಿಂದ ಬರತೊಡಗಿತು. ಪೆನಾಯಾ ಗಾಳಿಯನ್ನು ಮತ್ತೆ ಬಲಗೆನ್ನೆಗೆ ತಂದುಕೊಳ್ಳಲು ತನಗೆ ತಿಳಿಯದೆಯೇ ದೋಣಿಯನ್ನು ಎಡಕ್ಕೆ ಎಳೆದಿರಬೇಕು. ಅದು ನನಗೆ ಆಗ ಗೊತ್ತಾಗಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ನನ್ನ ಕೈಗೆ ಬಿಸಿ ತಾಗಿತು. ಮತ್ತೆ ರಕ್ತ, ಈ ಸಲ ಹೆಚ್ಚು. ನಾನು ಬಗ್ಗಿ ಬಟ್ಟೆಯ ಮೇಲೆ ಬಟ್ಟೆ ಒತ್ತುತ್ತಿದ್ದೆ, ಬಾಯಲ್ಲಿ ಯಾವ ದೇವರ ಹೆಸರು ಬರುತ್ತಿತ್ತೋ ನೆನಪಿಲ್ಲ.

"ನಾಸಿ, ಒಲೆ ಸರೀತಿದೆ. ಅವರಿಗೆ ಹೇಳಿ."

"ತಡಿ."

"ನಾಸಿ, ಹೇಳಿ."

"ತಡಿಯೇ, ನೀನು ಅಲುಗಾಡ್ಬೇಡ," ಎಂದು ಗದರಿದೆ. ಆ ಗಳಿಗೆಯಲ್ಲಿ ನನ್ನ ಪಾಲಿಗೆ ಒಲೆಯೂ ಇರಲಿಲ್ಲ, ದ್ವೀಪವೂ ಇರಲಿಲ್ಲ, ನನ್ನ ಬೆರಳ ಸಂದಿಯಲ್ಲಿ ಹೋಗುತ್ತಿದ್ದ ಜೀವ ಮಾತ್ರ ಇತ್ತು.

ಮುಂದಿನಿಂದ ಸಮೀಸೋನಿಯ ದನಿ ಬಂತು. ಅದರಲ್ಲಿ ತಮಾಷೆ ಇರಲಿಲ್ಲ. "ಭಾವ, ಎಲ್ಲೋ ಅಲೆ ಒಡೆಯೋ ಸದ್ದು. ಹತ್ರ ಇದೆ. ಭಾವ, ಏನೂ ಕಾಣ್ತಿಲ್ಲ."

ದೊಡ್ಡ ದ್ವೀಪದ ಪಶ್ಚಿಮಕ್ಕೆ ಚಾಚಿಕೊಂಡ ಬಂಡೆಸಾಲು ಅದು. ಎಷ್ಟೋ ದೋಣಿಗಳನ್ನು ನುಂಗಿದ್ದು. ಪೆನಾಯಾ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕತ್ತು ಆ ಕಡೆ ಈ ಕಡೆ ತಿರುಗಿಸಿದ, ಹಿಂದೆ ನೋಡಿದ, ಮುಂದೆ ನೋಡಿದ. ಅವನಿಗೆ ಎಲ್ಲ ಕಡೆಯೂ ಬೂದಿಯೇ. ಸದ್ದು ಯಾವ ದಿಕ್ಕಿನದೆಂದು ಗಾಳಿ ಹೇಳಗೊಡುತ್ತಿರಲಿಲ್ಲ. ಅವನ ಮುಖದ ಮೇಲಿನ ಭಯವನ್ನು ನಾನು ಆ ಕತ್ತಲಲ್ಲೂ ಕಂಡೆ.

ಆಗ ಕೆಲೇರಾ ಮೊಣಕೈ ಊರಿ ತಲೆಯೆತ್ತಿದಳು.

"ಅಣ್ಣಾ."

ಮೋಟಾರು ಓಡುತ್ತಲೇ ಇತ್ತು. ಸಮೀಸೋನಿ ಕೈಯಲ್ಲಿದ್ದ ಪಾತ್ರೆ ಹಾಗೇ ನಿಲ್ಲಿಸಿ ಇತ್ತ ತಿರುಗಿದ.

"ಅಣ್ಣಾ, ಎಡಭುಜ ದಾಟಿದೆ. ಬಲಕ್ಕೆ ತಿರುಗ್ಸು. ಇನ್ನೂ. ಇನ್ನೂ ಸ್ವಲ್ಪ ಅಣ್ಣಾ. ಹಾಂ, ಕಿವಿಗೆ ಬಂತು. ಅಲ್ಲೇ ಇಟ್ಕೋ. ನಾನು ನೋಡ್ತಿದೀನಿ, ಹೆದರ್ಬೇಡ."

ಅವನು ತಿರುಗಿಸಿದ. ಅಲೆಯ ಸದ್ದು ಎಡಕ್ಕೆ ಹೋಯಿತು, ಆಮೇಲೆ ಹಿಂದಕ್ಕೆ. ದೋಣಿಯ ಮೇಲೆ ನೀರು ಹಾರಿ ನಮ್ಮೆಲ್ಲರ ಮುಖ ಒದ್ದೆಯಾಗಿತ್ತು, ಯಾರು ಅಳುತ್ತಿದ್ದಾರೆಂದು ಹೇಳುವ ಹಾಗಿರಲಿಲ್ಲ. ಅಲ್ಲಿಂದ ದಡದ ದೀಪ ಕಾಣುವವರೆಗೂ ಅವಳು ನನ್ನನ್ನು ಬಿಟ್ಟು ಅವನೊಂದಿಗೇ ಮಾತಾಡಿದಳು. ಮಾತು ಸಣ್ಣಗಾಗುತ್ತಾ ಹೋಗಿ ಕಡೆಗೆ ತುಟಿ ಮಾತ್ರ ಅಲುಗುತ್ತಿತ್ತು. "ಕಿವಿ ಹತ್ರ. ಅಣ್ಣಾ, ಕಿವಿ ಹತ್ರ." ಅವಳ ಕೈ ಮಂಜಿನ ಹಾಗೆ ತಣ್ಣಗಿತ್ತು.

ದೋಣಿ ನಿಲ್ಲುವ ಕಟ್ಟೆಯಲ್ಲಿ ಜನ ಕಾದಿದ್ದರು. ಅವಳನ್ನು ಹೊತ್ತುಕೊಂಡು ಹೋದರು. ಪೆನಾಯಾ ದೋಣಿಯಿಂದ ಇಳಿಯಲಿಲ್ಲ. ತಂಗಿಯನ್ನು ಒಯ್ದ ದಾರಿಯ ಕಡೆ ಬೆನ್ನು ಹಾಕಿ ಕೂತೇ ಇದ್ದ.

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ಸಮೀಸೋನಿ ಪಕ್ಕದಲ್ಲಿ. ಯಾವಾಗಲೂ ವಟವಟ ಎನ್ನುವವನು ಉಗುರು ಕಚ್ಚುತ್ತಿದ್ದ. ಅಲ್ಲಿಯ ಕಾವಲುಗಾರ ಹೊತ್ತು ಕಳೆಯಲು ರೇಡಿಯೋ ಹಾಕಿದ್ದ. ದಕ್ಷಿಣದ ದೊಡ್ಡ ಒಲೆಯಲ್ಲಿ ಒಂದು ನಕ್ಷತ್ರ ಸಿಡಿದು ಸತ್ತಿದೆ, ಅದರ ಬೆಳಕೇ ಹೊಸ ಚುಕ್ಕಿಯಾಗಿ ಕಾಣುತ್ತಿದೆ, ಆ ಬೆಳಕು ಅಲ್ಲಿಂದ ಹೊರಟು ಲಕ್ಷಕ್ಕೂ ಹೆಚ್ಚು ವರ್ಷವಾಯಿತು ಎಂದು ಅದರಲ್ಲಿ ಹೇಳಿದರು. ನಾವು ಸೌದೆ ಹಾಕಿದ್ದಾರೆ ಅಂದುಕೊಂಡಿದ್ದೆವು. ಅದು ಸಾವಾಗಿತ್ತು. ಸಮೀಸೋನಿಗೆ ಕೇಳಿಸಿತೇನೋ ಎಂದು ಅವನ ಮುಖ ನೋಡಿದೆ. ಕೇಳಿಸಿರಲಿಲ್ಲ. ಎದ್ದು ಹೋಗಿ ರೇಡಿಯೋ ಆರಿಸಪ್ಪ ಎಂದೆ.

ಒಳಗಿನಿಂದ ಮಗುವಿನ ಅಳು ಕೇಳಿದರೂ ನಾನು ಏಳಲಿಲ್ಲ. ತಾಯಿಯ ಸುದ್ದಿ ಬರುವವರೆಗೂ ಏಳಲಿಲ್ಲ. ಬಹಳ ತಡವಾಗಿ ಡಾಕ್ಟರು ಬಾಗಿಲಿಗೆ ಬಂದು, "ಉಳ್ಕೊಂಡ್ರು" ಎಂದರು. ಸಮೀಸೋನಿ ನನ್ನ ಭುಜಕ್ಕೆ ತಲೆಯಿಟ್ಟು ಚಿಕ್ಕ ಮಗುವಿನ ಹಾಗೆ ಅತ್ತ. ನಾನು ಕಟ್ಟೆಗೆ ಓಡಿದೆ.

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದಾರೆ," ಎಂದೆ. ಪೆನಾಯಾ ಹಿಡಿಯ ಮೇಲಿದ್ದ ಕೈಯನ್ನು ಆಗ ತೆಗೆದ. ಅಲ್ಲಿಯವರೆಗೂ ಬಿಟ್ಟಿರಲಿಲ್ಲ ಎಂದು ಕಾಣುತ್ತದೆ, ಬೆರಳು ಬಿಡಿಸಲು ನಾನೇ ಕೈಹಾಕಬೇಕಾಯಿತು.

ತಾಯಿ ಮಗು ಊರಿಗೆ ಬಂದ ಮೇಲೆ ಒಂದು ಕೆಲಸ ಬಾಕಿ ಇತ್ತು. ನಿಷೇಧ ಮುರಿದಿತ್ತಲ್ಲ. ಜೀವ ಉಳಿಸಲು ಮುರಿದದ್ದು ಎಂದರೂ ಮುರಿದದ್ದು ಮುರಿದದ್ದೇ. ಇಲ್ಲಿ ಕ್ಷಮೆ ಕೇಳುವಾಗ ಕೊಡುವ ತಿಮಿಂಗಿಲದ ಹಲ್ಲು ಹಿಡಿದು ಸಮೀಸೋನಿ ಭಾವನ ಮನೆಗೆ ಮಂಡಿಯಲ್ಲಿ ನಡೆದು ಹೋದ. "ನನ್ನ ಮನೆಯವಳು ಆಡಬಾರದ ಮಾತು ಆಡಿದಾಳೆ. ಇದನ್ನ ತಗೊಂಡು ಆ ತಪ್ಪನ್ನ ಹೂತುಬಿಡಿ." ಅವನನ್ನು ಅಷ್ಟು ಗಂಭೀರವಾಗಿ ನಾನು ಕಂಡದ್ದು ಅದೊಂದೇ ಸಲ. ಪೆನಾಯಾ ಹಲ್ಲನ್ನು ಎರಡೂ ಕೈಯಲ್ಲಿ ತಗೊಂಡ.

"ಹೂತೆ," ಎಂದ. ಊರ ಹಿರಿಯರು ಮೂರು ಸಲ ಚಪ್ಪಾಳೆ ತಟ್ಟಿದರು. ಮುಗಿಯಿತು.

"ಭಾವ, ಇನ್ಮೇಲಾದ್ರೂ ಒಲೆಗೆ ಕನ್ನಡಕ ಹಾಕ್ಸಿ," ಎಂದ ಸಮೀಸೋನಿ, ಎದ್ದ ಕೂಡಲೇ. ಅಷ್ಟರಲ್ಲಿ ಅವನಿಗೂ ಕಣ್ಣಿನ ವಿಷಯ ತಿಳಿದಿತ್ತು.

ಮಾರನೆಯ ದಿನ ಪೆನಾಯಾ ದವಾಖಾನೆಗೆ ಬಂದ, ಜೀವಮಾನದಲ್ಲಿ ಮೊದಲ ಸಲ. ಸುವಾ ಪಟ್ಟಣಕ್ಕೆ ಕಣ್ಣಿನ ಆಪರೇಷನ್ನಿಗೆ ಹೋಗಲು ಒಪ್ಪಿದ. ಸರದಿ ಬರಲು ಒಂದು ವರ್ಷವಾಗಬಹುದು ಎಂದೆ.

"ಆಗ ಆ ಎರಡನೇ ಕೆಂಡ ಕಾಣುತ್ತಾ?"

"ಅಷ್ಟು ದಿನ ಇರಲ್ವಂತೆ. ಆರಿಹೋಗುತ್ತಂತೆ."

"ಹೋಗ್ಲಿ ಬಿಡು. ಅವಳು ನೋಡಿದಾಳಲ್ಲ." ಬಾಗಿಲವರೆಗೆ ಹೋಗಿ ನಿಂತ. "ನಾಸಿ."

"ಏನು?"

"ಹೂತೆ ಅಂದೆನಲ್ಲ ನಿನ್ನೆ, ಎಲ್ರ ಎದುರಿಗೆ. ಒಂದು ಮಾತು ಮಾತ್ರ ಹೂತಿಲ್ಲ ಅಂತ ಅವಳಿಗೆ ಹೇಳು."

"ಯಾವ ಮಾತು?"

"ಅವಳಿಗೆ ಗೊತ್ತಾಗುತ್ತೆ."

ನಾನು ಹೋದೆ. ಕೆಲೇರಾ ಚಾಪೆಯ ಮೇಲೆ ಕೂತು ಮಗುವಿಗೆ ಹಾಲೂಡಿಸುತ್ತಿದ್ದಳು. ಹೇಳಿದೆ. ಯಾವ ಮಾತು ಎಂದು ಅವಳು ಕೇಳಲಿಲ್ಲ. ಮಗುವಿನ ತಲೆಯ ಮೇಲೆ ಮುಖವಿಟ್ಟಳು. ಆಮೇಲೆ ಸೆರಗಿಲ್ಲದ ಆ ಅಂಗಿಯ ತೋಳಲ್ಲೇ ಮೂಗು ಒರೆಸಿಕೊಂಡಳು.

"ನಾನೂ ಹೂತಿಲ್ಲ ಅಂತ ಅವರಿಗೆ ಹೇಳಿ," ಎಂದಳು.